ತೆಳು ಫಲಕದ ವ್ಯಾಪಾರ, ಎರೆಭೂಮಿಯ ಲೆಕ್ಕ

ಮೇ ತಿಂಗಳ ಮಧ್ಯಾಹ್ನ ರಾಯಚೂರು ನಗರದ ತೀನ್ ಕಂದೀಲ್ ಬಳಿ ನಿಂತವರಿಗೆ ಬಿಸಿಲು ಎಂದರೇನೆಂದು ಬೇರೆ ಯಾರೂ ವಿವರಿಸಬೇಕಿಲ್ಲ. ಉಷ್ಣಾಂಶ 42 ಡಿಗ್ರಿ ದಾಟಿದ ದಿನಗಳು ಅಲ್ಲಿ ಸುದ್ದಿಯೇ ಅಲ್ಲ. ಈ ಬಿಸಿಲನ್ನೇ ಜಿಲ್ಲೆಯ ಬಂಡವಾಳವೆಂದು ಬಣ್ಣಿಸುವ ಮಾತು ಈಗ ಸರಕಾರಿ ವೇದಿಕೆಗಳಲ್ಲಿ ಸಾಮಾನ್ಯವಾಗಿದೆ. ದೇವದುರ್ಗ, ಮಾನ್ವಿ ತಾಲ್ಲೂಕುಗಳ ರೈತನ ಮನೆ ಬಾಗಿಲಿಗೆ ಗುತ್ತಿಗೆ ಪತ್ರ ಹಿಡಿದು ಬರುವ ಮಧ್ಯವರ್ತಿಯೂ ಇದೇ ಮಾತನ್ನು ಆಡುತ್ತಾನೆ. ಆದರೆ ಬಿಸಿಲು ಎಂಬ ಒಂದೇ ಪದದೊಳಗೆ ಬೆಳಕು ಮತ್ತು ಶಾಖ ಎಂಬ ಎರಡು ಬೇರೆ ಬೇರೆ ಸಂಗತಿಗಳು ಅಡಗಿವೆ. ಸೌರಫಲಕಕ್ಕೆ ಬೇಕಾದದ್ದು ಬೆಳಕು. ಶಾಖ ಅದರ ಶತ್ರು. ಈ ಸಣ್ಣ ವ್ಯತ್ಯಾಸದ ಸುತ್ತಲೇ ‘ಥಿನ್ ಫಿಲ್ಮ್’ ಎಂದು ಕರೆಯಲಾಗುವ ತೆಳುಪೊರೆ ಫಲಕಗಳ ಇಡೀ ವ್ಯಾಪಾರ ಒಂದು ಕಾಲಕ್ಕೆ ಬೆಳೆದು ನಿಂತಿತು, ಅನಂತರ ಕುಸಿಯಿತು. ಅದರಲ್ಲಿ ಉಳಿದುಕೊಂಡ ಒಂದು ಕವಲು ಇಂದು ತಮಿಳುನಾಡಿನ ಕಾರ್ಖಾನೆಯೊಂದರ ಮೂಲಕ ಮತ್ತೆ ದೇಶದೊಳಕ್ಕೆ ಬಂದಿದೆ. ರಾಯಚೂರಿನಂಥ ಜಿಲ್ಲೆಗೆ ಈ ಕಥೆ ದೂರದ್ದೇನಲ್ಲ.

ಶಾಖದ ಲೆಕ್ಕವನ್ನು ಮೊದಲು ನೋಡಬೇಕು. ಫಲಕದ ಹಿಂದೆ ಅಂಟಿಸಿರುವ ಚೀಟಿಯಲ್ಲಿ ಬರೆದ ವ್ಯಾಟ್ ಸಂಖ್ಯೆ 25 ಡಿಗ್ರಿ ಉಷ್ಣಾಂಶದಲ್ಲಿ ಅಳೆದದ್ದು. ರಾಯಚೂರಿನ ಬೇಸಿಗೆಯಲ್ಲಿ ಗಾಳಿಯೇ 42 ಡಿಗ್ರಿ ಇರುವಾಗ ಫಲಕದ ಮೈ 65 ಡಿಗ್ರಿ ಮುಟ್ಟುವುದು ಅಸಹಜವಲ್ಲ, ಅಂದರೆ ಅಳತೆಯ ಉಷ್ಣಾಂಶಕ್ಕಿಂತ 40 ಡಿಗ್ರಿ ಹೆಚ್ಚು. ಹದಿನೈದು ವರ್ಷಗಳ ಹಿಂದಿನ ಬಹುಸ್ಫಟಿಕ ಸಿಲಿಕಾನ್ ಫಲಕ ಪ್ರತಿ ಡಿಗ್ರಿಗೆ ಸುಮಾರು ಶೇ. 0.43ರಷ್ಟು ಶಕ್ತಿ ಕಳೆದುಕೊಳ್ಳುತ್ತಿತ್ತು. 40 ಡಿಗ್ರಿಗೆ ಅದು ಶೇ. 17ರ ನಷ್ಟ. ಅದೇ ಕಾಲದ ಕ್ಯಾಡ್ಮಿಯಂ ಟೆಲ್ಯುರೈಡ್ ತೆಳುಪೊರೆ ಫಲಕದ ನಷ್ಟ ಪ್ರತಿ ಡಿಗ್ರಿಗೆ ಶೇ. 0.25ರ ಆಸುಪಾಸು, ಒಟ್ಟು ಶೇ. 10. ಅರೂಪ ಸಿಲಿಕಾನಿನದು ಇನ್ನೂ ಕಡಿಮೆ. ಚೀಟಿಯ ಮೇಲೆ ಒಂದೇ ಸಂಖ್ಯೆ ಹೊತ್ತ ಎರಡು ಫಲಕಗಳಲ್ಲಿ ಒಂದು ಸುಡುಬಿಸಿಲಿನಲ್ಲಿ ಹೆಚ್ಚು ವಿದ್ಯುತ್ ಕೊಡುತ್ತಿತ್ತು. ಹೀಗಾಗಿ ಉಷ್ಣವಲಯಕ್ಕೆ ತೆಳುಪೊರೆಯೇ ಸರಿ ಎಂಬ ವಾದ 2010ರ ಸುಮಾರಿಗೆ ಬರಿಯ ಪ್ರಚಾರವಾಗಿರಲಿಲ್ಲ. ಅದರ ಹಿಂದೆ ಭೌತಶಾಸ್ತ್ರ ಇತ್ತು.

ತೆಳುಪೊರೆ ಎಂದರೆ ಏನು? ಮಾಮೂಲಿ ಫಲಕದಲ್ಲಿ ಸಿಲಿಕಾನಿನ ಹರಳನ್ನು ಬಿಲ್ಲೆಗಳಾಗಿ ಕೊಯ್ದು, ಒಂದೊಂದನ್ನೂ ತಂತಿಯಿಂದ ಹೆಣೆದು ಗಾಜಿನಡಿ ಇಡುತ್ತಾರೆ. ಬಿಲ್ಲೆಯ ದಪ್ಪ ಸುಮಾರು 150 ಮೈಕ್ರಾನ್. ತೆಳುಪೊರೆಯಲ್ಲಿ ಬಿಲ್ಲೆಯೇ ಇಲ್ಲ. ಬೆಳಕನ್ನು ಚೆನ್ನಾಗಿ ಹೀರುವ ಬೇರೊಂದು ವಸ್ತುವನ್ನು ಆವಿಯಾಗಿಸಿ ನೇರವಾಗಿ ಗಾಜಿನ ಮೇಲೆ ಎರಡು ಮೂರು ಮೈಕ್ರಾನ್ ದಪ್ಪಕ್ಕೆ ಲೇಪಿಸಿ, ಲೇಸರಿನಿಂದ ಗೆರೆ ಕೊರೆದು ಕೋಶಗಳಾಗಿ ವಿಂಗಡಿಸಿ, ಮೇಲೆ ಇನ್ನೊಂದು ಗಾಜು ಮುಚ್ಚಿದರೆ ಫಲಕ ಸಿದ್ಧ. ಒಂದೇ ಕಾರ್ಖಾನೆಯ ಒಂದು ತುದಿಯಲ್ಲಿ ಗಾಜು ಒಳಹೊಕ್ಕರೆ ಕೆಲವೇ ಗಂಟೆಗಳಲ್ಲಿ ಇನ್ನೊಂದು ತುದಿಯಲ್ಲಿ ಫಲಕ ಹೊರಬರುತ್ತದೆ. ಕಚ್ಚಾವಸ್ತು ಕಡಿಮೆ, ತಯಾರಿಕೆಗೆ ಬೇಕಾದ ವಿದ್ಯುತ್ತೂ ಕಡಿಮೆ. ಲೇಪನ ವಸ್ತುವಿಗೆ ಅನುಗುಣವಾಗಿ ಈ ಕುಟುಂಬದಲ್ಲಿ ಮೂರು ಮನೆತನಗಳಿದ್ದವು: ಅರೂಪ ಸಿಲಿಕಾನ್, ತಾಮ್ರ, ಇಂಡಿಯಂ, ಗ್ಯಾಲಿಯಂ, ಸೆಲೆನಿಯಂ ಕೂಡಿಸಿದ ‘ಸಿಐಜಿಎಸ್’, ಮತ್ತು ಕ್ಯಾಡ್ಮಿಯಂ ಟೆಲ್ಯುರೈಡ್.

ಮೂರಕ್ಕೂ ಹೊಂಗಾಲ ಬಂದದ್ದು 2005ರಿಂದ 2010ರ ನಡುವೆ. ಅದಕ್ಕೆ ಕಾರಣ ಸ್ಪರ್ಧಿಯ ಸಂಕಟ. ಶುದ್ಧ ಸಿಲಿಕಾನಿನ ಬೆಲೆ 2008ರಲ್ಲಿ ಕಿಲೋಗೆ 400 ಡಾಲರ್ ದಾಟಿತ್ತು. ಸ್ಫಟಿಕ ಸಿಲಿಕಾನ್ ಫಲಕ ವ್ಯಾಟಿಗೆ ಸುಮಾರು 4 ಡಾಲರಿಗೆ ಮಾರಾಟವಾಗುತ್ತಿತ್ತು. ಅಂಥ ಹೊತ್ತಿನಲ್ಲಿ ಅಮೆರಿಕದ ಫಸ್ಟ್ ಸೋಲಾರ್ ಕಂಪನಿ ತನ್ನ ಕ್ಯಾಡ್ಮಿಯಂ ಟೆಲ್ಯುರೈಡ್ ಫಲಕದ ಉತ್ಪಾದನಾ ವೆಚ್ಚ ವ್ಯಾಟಿಗೆ 1 ಡಾಲರಿಗಿಂತ ಕೆಳಗೆ ಇಳಿದಿದೆ ಎಂದು 2009ರ ಆರಂಭದಲ್ಲಿ ಘೋಷಿಸಿತು. ಆ ವರ್ಷ ಜಗತ್ತಿನಲ್ಲಿ ತಯಾರಾದ ಪ್ರತಿ ಆರು ಫಲಕಗಳಲ್ಲಿ ಒಂದು ತೆಳುಪೊರೆಯದಾಗಿತ್ತು. ಭಾರತವೂ ಹಿಂದೆ ಬೀಳಲಿಲ್ಲ. ಗ್ರೇಟರ್ ನೋಯ್ಡಾದಲ್ಲಿ ಸಿ.ಡಿ. ತಯಾರಿಸುತ್ತಿದ್ದ ಮೋಸರ್ ಬೇಯರ್, ಅಮೆರಿಕದ ಅಪ್ಲೈಡ್ ಮೆಟೀರಿಯಲ್ಸ್ ಕಂಪನಿಯಿಂದ ಅರೂಪ ಸಿಲಿಕಾನಿನ ಯಂತ್ರಸಾಲನ್ನು ತರಿಸಿ ನಿಲ್ಲಿಸಿತು. ಬೆಂಗಳೂರಿನಲ್ಲಿ ನಿರ್ವಾತ ತಂತ್ರಜ್ಞಾನದಲ್ಲಿ ಹೆಸರಾದ ಹಿಂದ್ ಹೈ ವ್ಯಾಕ್ಯೂಮ್ ಕಂಪನಿ ಅಂಥದೇ ಯಂತ್ರವನ್ನು ದೇಶೀಯವಾಗಿ ಕಟ್ಟುವ ಯತ್ನಕ್ಕೆ ಕೈಹಾಕಿತು.

ಅನಂತರ ನಡೆದದ್ದು ಸರಣಿ ದಿವಾಳಿ. ಚೀನಾದಲ್ಲಿ ಸಿಲಿಕಾನ್ ಶುದ್ಧೀಕರಣದ ದೈತ್ಯ ಕಾರ್ಖಾನೆಗಳು ಎದ್ದವು. ಕಿಲೋಗೆ 400 ಡಾಲರ್ ಇದ್ದದ್ದು ಒಂದೆರಡು ವರ್ಷಗಳಲ್ಲಿ 60ರ ಸುತ್ತ ಬಂದು, ಮುಂದೆ ಇನ್ನೂ ಇಳಿಯಿತು. ಕಚ್ಚಾವಸ್ತು ಉಳಿತಾಯವೇ ತೆಳುಪೊರೆಯ ಮುಖ್ಯ ಬಲವಾಗಿದ್ದಾಗ, ಕಚ್ಚಾವಸ್ತುವೇ ಅಗ್ಗವಾದರೆ ಆ ಬಲಕ್ಕೆ ಅರ್ಥವೇನು? ಅಪ್ಲೈಡ್ ಮೆಟೀರಿಯಲ್ಸ್ 2010ರ ಜುಲೈನಲ್ಲಿಯೇ ತನ್ನ ಯಂತ್ರಸಾಲಿನ ಮಾರಾಟವನ್ನು ಕೈಬಿಟ್ಟಿತು. ಅಮೆರಿಕ ಸರಕಾರದ 53.5 ಕೋಟಿ ಡಾಲರ್ ಸಾಲದ ಭರವಸೆ ಪಡೆದಿದ್ದ ಸೋಲಿಂಡ್ರಾ 2011ರ ಸೆಪ್ಟೆಂಬರಿನಲ್ಲಿ ಬಾಗಿಲು ಹಾಕಿತು. ಅಬೌಂಡ್ ಸೋಲಾರ್ 2012ರಲ್ಲಿ. ಜನರಲ್ ಎಲೆಕ್ಟ್ರಿಕ್ 2013ರಲ್ಲಿ ತನ್ನ ಕ್ಯಾಡ್ಮಿಯಂ ಟೆಲ್ಯುರೈಡ್ ತಂತ್ರವನ್ನು ಫಸ್ಟ್ ಸೋಲಾರಿಗೆ ಒಪ್ಪಿಸಿ ಹೊರನಡೆಯಿತು. ಚೀನಾದ ಹನರ್ಜಿ ಥಿನ್ ಫಿಲ್ಮ್ ಕಂಪನಿಯ ಷೇರು 2015ರ ಮೇ ತಿಂಗಳ ಒಂದು ಬೆಳಗ್ಗೆ ಹಾಂಕಾಂಗ್ ಪೇಟೆಯಲ್ಲಿ ಕೆಲವು ನಿಮಿಷಗಳೊಳಗೆ ಅರ್ಧದಷ್ಟು ಬೆಲೆ ಕಳೆದುಕೊಂಡಿತು. ಮೋಸರ್ ಬೇಯರ್ 2017ರಲ್ಲಿ ದಿವಾಳಿ ನ್ಯಾಯಮಂಡಳಿಯ ಮುಂದೆ ಬಂದು ಮರುವರ್ಷ ಸಮಾಪನೆಗೆ ಹೋಯಿತು. ಸಿಐಜಿಎಸ್ ಮನೆತನದ ಅತಿ ದೊಡ್ಡ ಹೆಸರಾಗಿದ್ದ ಜಪಾನಿನ ಸೋಲಾರ್ ಫ್ರಾಂಟಿಯರ್ ಕೂಡ ತನ್ನ ಫಲಕಗಳ ತಯಾರಿಕೆಯನ್ನು ನಿಲ್ಲಿಸುವುದಾಗಿ 2021ರಲ್ಲಿ ಪ್ರಕಟಿಸಿತು. ಇಂದು ಜಗತ್ತಿನ ಒಟ್ಟು ಫಲಕ ತಯಾರಿಕೆಯಲ್ಲಿ ತೆಳುಪೊರೆಯ ಪಾಲು ಶೇ. 2ರಿಂದ 3. ಅದೂ ಬಹುತೇಕ ಒಂದೇ ಕಂಪನಿಯ ಒಂದೇ ವಸ್ತು: ಫಸ್ಟ್ ಸೋಲಾರಿನ ಕ್ಯಾಡ್ಮಿಯಂ ಟೆಲ್ಯುರೈಡ್. 2024ರಲ್ಲಿ ಅದು ಮಾರಿದ್ದು ಸುಮಾರು 14 ಗಿಗಾವ್ಯಾಟ್.

ಈ ಕಥೆಯಲ್ಲಿ ಭಾರತದ್ದೇ ಒಂದು ಅಧ್ಯಾಯವಿದೆ. ಅದು ಅಷ್ಟು ಮರ್ಯಾದೆಯದಲ್ಲ. 2010ರ ಜನವರಿಯಲ್ಲಿ ಆರಂಭವಾದ ಜವಾಹರಲಾಲ್ ನೆಹರೂ ರಾಷ್ಟ್ರೀಯ ಸೌರ ಅಭಿಯಾನದ ಮೊದಲ ಹಂತದಲ್ಲಿ ದೇಶೀಯ ಫಲಕಗಳನ್ನೇ ಬಳಸಬೇಕೆಂಬ ನಿಯಮ ಮಾಡಲಾಯಿತು. ಆದರೆ ಆ ನಿಯಮ ಸ್ಫಟಿಕ ಸಿಲಿಕಾನಿಗೆ ಮಾತ್ರ. ತೆಳುಪೊರೆಗೆ ವಿನಾಯಿತಿ. ಅಮೆರಿಕದ ಎಕ್ಸಿಮ್ ಬ್ಯಾಂಕು ತನ್ನ ದೇಶದ ತೆಳುಪೊರೆ ಕೊಂಡವರಿಗೆ ಕಡಿಮೆ ಬಡ್ಡಿಯ ದೀರ್ಘಾವಧಿ ಸಾಲ ಕೊಡಲು ಮುಂದೆ ಬಂದಿತು. ಫಲಿತಾಂಶ ಊಹಿಸುವುದು ಕಷ್ಟವಲ್ಲ. ಆ ಹಂತದ ಫಲಕ ಆಧಾರಿತ ಸ್ಥಾವರಗಳಲ್ಲಿ ಅರ್ಧಕ್ಕೂ ಹೆಚ್ಚು ಪಾಲು ತೆಳುಪೊರೆಯ ಪಾಲಾಯಿತು. ಜಗತ್ತಿನಲ್ಲೆಲ್ಲ ಕುಗ್ಗುತ್ತಿದ್ದ ತಂತ್ರವೊಂದು ಭಾರತದಲ್ಲಿ ಮಾತ್ರ ಹಿಗ್ಗಿದ್ದಕ್ಕೆ ಇಲ್ಲಿಯ ಬಿಸಿಲು ಭಾಗಶಃ ಕಾರಣವಿರಬಹುದು, ಸಾಲದ ಬಡ್ಡಿ ದರ ಮುಖ್ಯ ಕಾರಣ. ಸಿಲಿಕಾನಿನ ಮೇಲಿದ್ದ ನಿಯಮವನ್ನೂ ಅಮೆರಿಕ 2013ರಲ್ಲಿ ವಿಶ್ವ ವಾಣಿಜ್ಯ ಸಂಘಟನೆಗೆ ಎಳೆದು 2016ರಲ್ಲಿ ಗೆದ್ದುಕೊಂಡಿತು.

ಅದೇ ಅವಧಿಯಲ್ಲಿ ಕರ್ನಾಟಕ ವಿದ್ಯುತ್ ನಿಗಮ ಬೇರೊಂದು ದಾರಿ ಹಿಡಿದಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ಕೋಲಾರ ಜಿಲ್ಲೆಯ ಯಳೇಸಂದ್ರ, ಚಿಕ್ಕೋಡಿ ಬಳಿಯ ಇಟ್ನಾಳ, ರಾಯಚೂರು ತಾಲ್ಲೂಕಿನ ಯಾಪಲದಿನ್ನಿಗಳಲ್ಲಿ ತಲಾ 3 ಮೆಗಾವ್ಯಾಟಿನ ಸಣ್ಣ ಸ್ಥಾವರಗಳನ್ನು ನಿಗಮ ನಿಲ್ಲಿಸಿತು. ವಿದ್ಯುತ್ ಮಾರ್ಗದ ತುದಿಯಲ್ಲಿರುವ ರೈತರ ಪಂಪ್‌ಸೆಟ್ಟುಗಳಿಗೆ ಹಗಲಿನಲ್ಲಿ ಒತ್ತಡ ಕುಸಿಯದ ವಿದ್ಯುತ್ ಕೊಡುವುದು ಆಗಿನ ಉದ್ದೇಶ. 2010ರಲ್ಲಿ ಶುರುವಾದ ಯಳೇಸಂದ್ರದಲ್ಲಿ ಹಾಕಿದ್ದು ಏಕಸ್ಫಟಿಕ ಸಿಲಿಕಾನ್. ಆ ಮಾದರಿ ಸಣ್ಣದಾಗಿತ್ತು, ಸದ್ದಿಲ್ಲದ್ದಾಗಿತ್ತು. ಬಹುಶಃ ಅದಕ್ಕೇ ಮುಂದುವರಿಯಲಿಲ್ಲ. ರಾಜ್ಯದ ಗಮನ ಪಾವಗಡದ 13,000 ಎಕರೆಯ, 2,050 ಮೆಗಾವ್ಯಾಟಿನ ಉದ್ಯಾನದ ಕಡೆ ತಿರುಗಿತು.

ರಾಯಚೂರಿನಲ್ಲಿ ಇಂದು ತೆಳುಪೊರೆಯ ಫಲಕ ಹಾಕುವುದರಲ್ಲಿ ಲಾಭವಿದೆಯೇ? ಹದಿನೈದು ವರ್ಷಗಳ ಹಿಂದೆ ಇದ್ದ ಶಾಖದ ಅನುಕೂಲ ಈಗ ಬಹುಪಾಲು ಕರಗಿದೆ. ‘ಟಾಪ್‌ಕಾನ್’ ಎಂಬ ಹೆಸರಿನ ಹೊಸ ಬಗೆಯ ಸಿಲಿಕಾನ್ ಫಲಕ ಪ್ರತಿ ಡಿಗ್ರಿಗೆ ಶೇ. 0.30ರಷ್ಟು ಮಾತ್ರ ಕಳೆದುಕೊಳ್ಳುತ್ತದೆ. ಇಂದಿನ ಕ್ಯಾಡ್ಮಿಯಂ ಟೆಲ್ಯುರೈಡಿನ ನಷ್ಟವೂ ಅಷ್ಟೇ. ಅಂದರೆ 65 ಡಿಗ್ರಿಯ ಫಲಕದಲ್ಲಿ ಇಬ್ಬರಿಗೂ ಶೇ. 12ರ ನಷ್ಟ, ಏಳು ಅಂಶಗಳ ಅಂತರ ಸೊನ್ನೆಯ ಹತ್ತಿರ ಬಂದಿದೆ. ದಕ್ಷತೆಯಲ್ಲಿ ಮಾತ್ರ ಅಂತರ ಉಳಿದಿದೆ: ಸಿಲಿಕಾನ್ ಶೇ. 22ರ ಮೇಲೆ, ಕ್ಯಾಡ್ಮಿಯಂ ಟೆಲ್ಯುರೈಡ್ ಶೇ. 19ರಿಂದ 20. ಇದನ್ನು ನೆಲದ ಭಾಷೆಗೆ ಇಳಿಸಿದರೆ, ಒಂದು ಮೆಗಾವ್ಯಾಟಿಗೆ ಬರಿಯ ಗಾಜಿನ ವಿಸ್ತೀರ್ಣವೇ ಮೊದಲನೆಯದಕ್ಕೆ ಸುಮಾರು 4,500 ಚದರ ಮೀಟರು, ಎರಡನೆಯದಕ್ಕೆ 5,200. ಹಳೆಯ ಅರೂಪ ಸಿಲಿಕಾನಿಗೆ, ಶೇ. 7ರ ದಕ್ಷತೆಯಲ್ಲಿ, 14,000 ಚದರ ಮೀಟರು ಬೇಕಾಗುತ್ತಿತ್ತು, ಅಂದರೆ ಮೂರೂವರೆ ಎಕರೆ ಗಾಜು. ಗಾಜು ಹೆಚ್ಚಾದಷ್ಟೂ ಕಂಬ ಹೆಚ್ಚು, ತಂತಿ ಹೆಚ್ಚು, ತೊಳೆಯುವ ನೀರು ಹೆಚ್ಚು. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಎರೆಮಣ್ಣಿನಲ್ಲಿ ಕಂಬ ನಿಲ್ಲಿಸುವ ಕಷ್ಟ ಅಲ್ಲಿಯ ಮನೆ ಕಟ್ಟುವವರಿಗೆಲ್ಲ ತಿಳಿದದ್ದೇ. ಕಾಲುವೆ ನಿಂತ ಬೇಸಿಗೆಯಲ್ಲಿಯೇ ದೂಳು ಅತಿ ಹೆಚ್ಚು. ಆಗಲೇ ತೊಳೆಯಲು ನೀರೂ ಇರದು. ತೆಳುಪೊರೆಯ ಕೋಶಗಳು ಉದ್ದನೆಯ ಪಟ್ಟಿಗಳಾಗಿರುವುದರಿಂದ ಒಂದು ಅಂಚಿಗೆ ಕೂತ ದೂಳು ಇಡೀ ಕೋಶವನ್ನು ಕಟ್ಟಿಹಾಕುವುದಿಲ್ಲ ಎಂಬ ಸಣ್ಣ ಅನುಕೂಲ ನಿಜ. ಆದರೆ ಅಷ್ಟಕ್ಕೆ ಲೆಕ್ಕ ತಿರುಗುವುದಿಲ್ಲ. ಚೀನಾದಲ್ಲಿ ಸಿಲಿಕಾನ್ ಫಲಕ 2024ರಲ್ಲಿ ವ್ಯಾಟಿಗೆ 10 ಸೆಂಟಿನ ಸುತ್ತ ಮಾರಾಟವಾಗುತ್ತಿತ್ತು.

ಹಾಗಿದ್ದರೆ ತೆಳುಪೊರೆ ಬದುಕುಳಿದದ್ದು ಹೇಗೆ? ಪೇಟೆಯ ಬಲದಿಂದಲ್ಲ, ಕಾನೂನಿನ ಬೇಲಿಯಿಂದ. ಅಮೆರಿಕ ಚೀನೀ ಫಲಕಗಳ ಮೇಲೆ ಸುಂಕದ ಮೇಲೆ ಸುಂಕ ಹೇರಿ, 2022ರ ಕಾಯಿದೆಯಿಂದ ದೇಶೀಯ ತಯಾರಕರಿಗೆ ವ್ಯಾಟಿನ ಲೆಕ್ಕದಲ್ಲಿ ತೆರಿಗೆ ರಿಯಾಯಿತಿ ಕೊಟ್ಟಿತು. ಭಾರತವೂ 2022ರ ಏಪ್ರಿಲಿನಿಂದ ಆಮದು ಫಲಕಕ್ಕೆ ಶೇ. 40 ಸುಂಕ ವಿಧಿಸಿತು. ಉತ್ಪಾದನೆ ಆಧಾರಿತ ಪ್ರೋತ್ಸಾಹಧನದ ಆಶ್ವಾಸನೆಯೊಡನೆ ಫಸ್ಟ್ ಸೋಲಾರ್ ಚೆನ್ನೈ ಬಳಿಯ ಶ್ರೀಪೆರಂಬುದೂರು ಭಾಗದಲ್ಲಿ 3.3 ಗಿಗಾವ್ಯಾಟಿನ ಕಾರ್ಖಾನೆ ಕಟ್ಟಿ 2024ರ ಜನವರಿಯಲ್ಲಿ ಉದ್ಘಾಟಿಸಿತು. ಚೆನ್ನೈ ನಗರದ ಶುದ್ಧೀಕರಿಸಿದ ಕೊಳಚೆ ನೀರನ್ನೇ ಅದು ಬಳಸುತ್ತದೆ. ಇದು ಒಳ್ಳೆಯ ಕ್ರಮ, ಮೆಚ್ಚಲೇಬೇಕು. ಕೇಂದ್ರ ಸರಕಾರದ ಅನುಮೋದಿತ ಫಲಕಗಳ ಪಟ್ಟಿಗೆ ಸೇರಲು 2023ರಲ್ಲಿ ಕನಿಷ್ಠ ದಕ್ಷತೆ ನಿಗದಿಯಾದಾಗ ದೊಡ್ಡ ಸ್ಥಾವರಗಳಿಗೆ ಸಿಲಿಕಾನಾದರೆ ಶೇ. 20, ಕ್ಯಾಡ್ಮಿಯಂ ಟೆಲ್ಯುರೈಡಾದರೆ ಶೇ. 19 ಸಾಕು ಎಂದಾಯಿತು. ತೆಳುಪೊರೆ ಕುಟುಂಬದ ಉಳಿದ ಸದಸ್ಯರಿಗೆ ಆ ಪಟ್ಟಿಯಲ್ಲಿ ಪ್ರತ್ಯೇಕ ಮೆಟ್ಟಿಲೇ ಇಲ್ಲ. ಕೋಶಗಳೂ ಅನುಮೋದಿತ ಪಟ್ಟಿಯವೇ ಆಗಿರಬೇಕೆಂದು 2024ರ ಡಿಸೆಂಬರಿನಲ್ಲಿ ಹೊರಟ ಆದೇಶ, ಒಂದೇ ಸೂರಿನಡಿ ತಯಾರಾಗುವ ತೆಳುಪೊರೆಯನ್ನು ನಿಯಮಬದ್ಧವೆಂದೇ ಪರಿಗಣಿಸಿತು. 2010ರ ವಿನಾಯಿತಿ ಆಮದಿಗೆ ಬಾಗಿಲು ತೆರೆದಿತ್ತು, ಈಗಿನದು ದೇಶದೊಳಗಿನ ಕಾರ್ಖಾನೆಗೆ ತೆರೆದಿದೆ. ಎರಡನೆಯದು ಮೊದಲನೆಯದಕ್ಕಿಂತ ಉತ್ತಮ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಇದರಿಂದ ಮುಂದಿನ ವರ್ಷಗಳಲ್ಲಿ ದಖ್ಖನ್ ಬಯಲಿನ ಹೊಲಗಳಿಗೆ ಕ್ಯಾಡ್ಮಿಯಂ ಟೆಲ್ಯುರೈಡ್ ಬರುವ ಸಾಧ್ಯತೆ ಹೆಚ್ಚಿದೆ.

ಇಲ್ಲಿಂದ ಮುಂದಿನ ಪ್ರಶ್ನೆ ಪೇಟೆಯದಲ್ಲ, ಮಣ್ಣಿನದು. ಕ್ಯಾಡ್ಮಿಯಂ ವಿಷಲೋಹ. ಜಪಾನಿನ ಜಿಂಜು ನದಿಯ ಕಣಿವೆಯಲ್ಲಿ ಗಣಿಯೊಂದರ ಕ್ಯಾಡ್ಮಿಯಂ ಭತ್ತದ ಗದ್ದೆ ಸೇರಿ, ಅನ್ನದ ಮೂಲಕ ಮನುಷ್ಯರ ಮೂಳೆ, ಮೂತ್ರಪಿಂಡಗಳನ್ನು ಹಾಳುಗೆಡವಿದ್ದನ್ನು ಆ ದೇಶ 1968ರಲ್ಲಿ ಅಧಿಕೃತವಾಗಿ ಮಾಲಿನ್ಯಜನ್ಯ ರೋಗವೆಂದು ಒಪ್ಪಿಕೊಂಡಿತು. ನೋವಿನ ಉದ್ಗಾರದಿಂದಲೇ ಹುಟ್ಟಿದ ‘ಇತಾಯ್ ಇತಾಯ್’ ಎಂಬ ಹೆಸರು ಅದಕ್ಕೆ. ಗೋಧಿ, ಜೋಳಗಳಿಗಿಂತ ಭತ್ತದ ವಿಷಯದಲ್ಲಿ ಎಚ್ಚರ ಹೆಚ್ಚು ಬೇಕಾದದ್ದು ಏಕೆಂದರೆ, ಅನ್ನವೇ ಮುಖ್ಯ ಆಹಾರವಾದಲ್ಲಿ ಅಲ್ಪ ಪ್ರಮಾಣವೂ ವರ್ಷಗಟ್ಟಲೆ ದೇಹದಲ್ಲಿ ಶೇಖರವಾಗುತ್ತದೆ. ಅಂತರರಾಷ್ಟ್ರೀಯ ಆಹಾರ ಮಾನದಂಡ ಅಕ್ಕಿಯಲ್ಲಿ ಕಿಲೋಗೆ 0.4 ಮಿಲಿಗ್ರಾಮ್ ಮಿತಿ ಇಟ್ಟಿದೆ. ಗದ್ದೆಯ ರಸಾಯನವೂ ವಿಚಿತ್ರ: ನೀರು ನಿಂತಿರುವಾಗ ಕ್ಯಾಡ್ಮಿಯಂ ಗಂಧಕದೊಡನೆ ಸೇರಿ ಕರಗದೆ ಕೂರುತ್ತದೆ, ತೆನೆಗಟ್ಟುವ ಹೊತ್ತಿಗೆ ನೀರು ಬಸಿದು ಗಾಳಿಯಾಡಿದರೆ ಬಿಡುಗಡೆಗೊಂಡು ಬೇರಿಗೆ ಸಿಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದಲ್ಲಿರುವ ಮಾನ್ವಿಯ ಗದ್ದೆಗಳಲ್ಲಿ ತೆನೆ ಬರುವ ಕಾಲಕ್ಕೆ ಸರಿಯಾಗಿ ನೀರು ಕೈಕೊಡುವುದು ಹಳೆಯ ದೂರು.

ಹಾಗೆಂದು ಭೀತಿ ಹಬ್ಬಿಸುವುದು ವಿಜ್ಞಾನವಾಗದು. ಕ್ಯಾಡ್ಮಿಯಂ ಟೆಲ್ಯುರೈಡ್ ಬೇರೆ, ಕ್ಯಾಡ್ಮಿಯಂ ಬೇರೆ. ಈ ಸಂಯುಕ್ತ ನೀರಿನಲ್ಲಿ ಬಹುಮಟ್ಟಿಗೆ ಕರಗದು, ಸಾವಿರ ಡಿಗ್ರಿ ದಾಟುವವರೆಗೆ ದ್ರವವಾಗದು, ಎರಡು ಗಾಜಿನ ನಡುವೆ ಬಂಧಿಯಾಗಿದೆ. ಒಂದು ಚದರ ಮೀಟರಿನಲ್ಲಿ ಇರುವ ಕ್ಯಾಡ್ಮಿಯಂ, ಲೇಪನದ ದಪ್ಪದಿಂದ ಲೆಕ್ಕ ಹಾಕಿದರೆ, 6ರಿಂದ 8 ಗ್ರಾಂ. ಒಂದು ಮೆಗಾವ್ಯಾಟಿಗೆ 30ರಿಂದ 45 ಕಿಲೋ. 20 ಮೆಗಾವ್ಯಾಟಿನ ಸ್ಥಾವರವೊಂದರಲ್ಲಿ ಮುಕ್ಕಾಲು ಟನ್ನಿನ ಆಸುಪಾಸು. ಫಲಕ ನೆಟ್ಟಗಿರುವವರೆಗೆ ಇದರಲ್ಲಿ ಒಂದು ಗ್ರಾಮೂ ಹೊಲಕ್ಕೆ ಇಳಿಯುವುದಿಲ್ಲ. ಎರೆಮಣ್ಣಿನ ಕ್ಷಾರಗುಣವೂ ಲೋಹವನ್ನು ಹಿಡಿದಿಡುತ್ತದೆ. ಅಲ್ಲದೆ ಕಲ್ಲಿದ್ದಲಿನಲ್ಲಿಯೂ ಕ್ಯಾಡ್ಮಿಯಂ ಇದೆ, ಪಾದರಸವೂ ಇದೆ. 1985ರಲ್ಲಿ ಮೊದಲ ಘಟಕ ಉರಿಯತೊಡಗಿ ಈಗ 1,720 ಮೆಗಾವ್ಯಾಟಿಗೆ ಬೆಳೆದಿರುವ ಶಕ್ತಿನಗರದ ಶಾಖೋತ್ಪನ್ನ ಕೇಂದ್ರ, ಅದರ ಮೇಲೆ ನಗರದ ಮಗ್ಗುಲಲ್ಲೇ ನಿಂತ ಯರಮರಸ್‌ನ 1,600 ಮೆಗಾವ್ಯಾಟ್, ಇವುಗಳ ಹಾರುಬೂದಿಯನ್ನು ನಾಲ್ಕು ದಶಕಗಳಿಂದ ಉಸಿರಾಡುತ್ತಿರುವ ಊರಿಗೆ ಗಾಜಿನೊಳಗಿನ ಕ್ಯಾಡ್ಮಿಯಮ್ಮಿನ ಭಯ ಹುಟ್ಟಿಸಲು ಹೊರಡುವವರು ಮೊದಲು ಬೂದಿ ಹೊಂಡದ ಕಡೆ ನೋಡಬೇಕಾದೀತು.

ಅಪಾಯ ಇರುವುದು ಕೊನೆಯಲ್ಲಿ. ಒಡೆದ ಫಲಕ ಆಮ್ಲೀಯವಾದ ಕಸದ ರಾಶಿಯಲ್ಲಿ ವರ್ಷಗಟ್ಟಲೆ ಬಿದ್ದರೆ ಲೋಹ ಬಿಡುಗಡೆಯಾಗಬಲ್ಲದು ಎಂಬುದು ಪ್ರಯೋಗಶಾಲೆಗಳಲ್ಲಿ ಕಂಡಿರುವ ಸಂಗತಿ. ಯುರೋಪ್ ಬೇರೆಲ್ಲ ವಿದ್ಯುತ್ ಉಪಕರಣಗಳಲ್ಲಿ ಕ್ಯಾಡ್ಮಿಯಮ್ಮನ್ನು ನಿರ್ಬಂಧಿಸಿ ಸೌರಫಲಕಕ್ಕೆ ವಿನಾಯಿತಿ ಕೊಟ್ಟಿದೆ. ಆದರೆ ಅಲ್ಲಿ ಹಳೆಯ ಫಲಕವನ್ನು ತಯಾರಕನೇ ಹಿಂತೆಗೆದುಕೊಳ್ಳಬೇಕೆಂಬ ಕಾನೂನು ಜೊತೆಗಿದೆ. ಫಸ್ಟ್ ಸೋಲಾರಿನ ಬಳಿ ಒಡೆದ ಫಲಕದಿಂದ ಕ್ಯಾಡ್ಮಿಯಂ, ಟೆಲ್ಯೂರಿಯಂ ಮರಳಿ ಪಡೆಯುವ ಘಟಕಗಳಿವೆ. ಅದರಲ್ಲಿ ಅದಕ್ಕೆ ಸ್ವಾರ್ಥವೂ ಇದೆ: ತಾಮ್ರ ಶುದ್ಧೀಕರಣದ ಕೆಸರಿನಲ್ಲಿ ಉಪೋತ್ಪನ್ನವಾಗಿ ಸಿಗುವ ಟೆಲ್ಯೂರಿಯಂ ಬಲು ವಿರಳ, ಅದರ ರಫ್ತಿಗೆ ಚೀನಾ 2025ರ ಫೆಬ್ರುವರಿಯಲ್ಲಿ ಕಡಿವಾಣ ಹಾಕಿದೆ. ಭಾರತದಲ್ಲಿ 2023ರ ಏಪ್ರಿಲಿನಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ಮೊದಲ ಬಾರಿಗೆ ಸೌರಫಲಕವನ್ನು ಒಳಗೊಂಡವು. ಆದರೆ ಅವು ತಯಾರಕರಿಗೆ ಹೇಳುವುದೇನು? ಸೌರ ತ್ಯಾಜ್ಯವನ್ನು 2034-35ರವರೆಗೆ ಸಂಗ್ರಹಿಸಿ ಇಡಿ ಎಂದು. ಇಷ್ಟು ಪ್ರಮಾಣ ಮರುಬಳಕೆಯಾಗಲೇಬೇಕೆಂಬ ಗುರಿ ಅದರಲ್ಲಿಲ್ಲ.

ಈ ಅಜಾಗರೂಕತೆಗೆ ಹಳೆಯ ಉದಾಹರಣೆ ಹುಡುಕಬೇಕಿಲ್ಲ. ಅರೂಪ ಸಿಲಿಕಾನಿನ ಅಗ್ಗದ ಸಣ್ಣ ಫಲಕಗಳು ಲಾಟೀನು, ದೀಪಗಳ ಜೊತೆ ಹಳ್ಳಿಗಳಿಗೆ ಬಂದಿದ್ದ ಕಾಲವೊಂದಿತ್ತು. ಬಿಸಿಲಿಗೊಡ್ಡಿದ ಮೊದಲ ತಿಂಗಳುಗಳಲ್ಲಿಯೇ ಆ ಫಲಕ ತನ್ನ ಶಕ್ತಿಯ ಗಣನೀಯ ಭಾಗವನ್ನು ಕಳೆದುಕೊಳ್ಳುತ್ತದೆ ಎಂಬುದನ್ನು ಸ್ಟೇಬ್ಲರ್ ಮತ್ತು ರೋನ್‌ಸ್ಕಿ ಎಂಬ ವಿಜ್ಞಾನಿಗಳು 1977ರಲ್ಲಿಯೇ ತೋರಿಸಿದ್ದರು. ಕೊಳ್ಳುವವನಿಗೆ ಅದನ್ನು ಯಾರು ಹೇಳಬೇಕಿತ್ತು? ದೀಪ ಮಂಕಾದಾಗ ‘ಸೋಲಾರೇ ಸುಳ್ಳು’ ಎಂಬ ತೀರ್ಮಾನಕ್ಕೆ ಜನ ಬಂದರೆ ತಪ್ಪು ಜನರದ್ದಲ್ಲ. ಈಗ ‘ಪೆರೋವ್‌ಸ್ಕೈಟ್’ ಎಂಬ ಹೊಸ ತೆಳುಪೊರೆಯ ಕುರಿತು ಅದೇ ಬಗೆಯ ಉತ್ಸಾಹ ಕೇಳಿಬರುತ್ತಿದೆ. ಸಿಲಿಕಾನಿನ ಮೇಲೆ ಅದನ್ನು ಲೇಪಿಸಿದ ಜೋಡಿಕೋಶ ಪ್ರಯೋಗಶಾಲೆಯಲ್ಲಿ ಶೇ. 34 ದಾಟಿದೆ, ಆಕ್ಸ್‌ಫರ್ಡ್ ಪಿವಿ ಕಂಪನಿ 2024ರ ಸೆಪ್ಟೆಂಬರಿನಲ್ಲಿ ಶೇ. 24.5 ದಕ್ಷತೆಯ ಮೊದಲ ವಾಣಿಜ್ಯ ಫಲಕಗಳನ್ನು ಗಿರಾಕಿಗೆ ಕಳಿಸಿತು. ಅದರಲ್ಲಿ ಸೀಸವಿದೆ, ತೇವ ಮತ್ತು ಶಾಖಕ್ಕೆ ಅದು ಬಾಡುವ ಸ್ವಭಾವದ್ದು. ದೇವದುರ್ಗದ ಹತ್ತು ಬೇಸಿಗೆಗಳನ್ನು ದಾಟಿದ ಮೇಲೆ ಅದರ ಮಾತು ಆಡಬಹುದು.

ಮಲೆನಾಡಿನವರಿಗೆ ಈ ಬಯಲುಸೀಮೆಯ ಫಲಕಗಳಿಂದ ಆಗಬೇಕಾದದ್ದೇನು ಎಂದು ಕೇಳುವವರಿರಬಹುದು. ಶರಾವತಿಯ ನೀರಿನ ವಿದ್ಯುತ್ತು ಸಾಲದಾದಾಗ ರಾಜ್ಯದ ಮೊದಲ ಕಲ್ಲಿದ್ದಲು ಕೇಂದ್ರ ಎದ್ದದ್ದು ರಾಯಚೂರಿನಲ್ಲಿ. ಈಗ ಬಯಲಿನ ಸೌರವಿದ್ಯುತ್ತು ಹಗಲಿನಲ್ಲಿ ಹೆಚ್ಚಾಗಿದೆ, ಅದನ್ನು ಸಂಜೆಗೆ ಉಳಿಸಬೇಕು ಎಂಬ ಕಾರಣ ಮುಂದೊಡ್ಡಿ, ಗೇರುಸೊಪ್ಪೆಯ ನೀರನ್ನು ತಲಕಳಲೆಗೆ ಎತ್ತಿ ಮತ್ತೆ ಇಳಿಸುವ 2,000 ಮೆಗಾವ್ಯಾಟಿನ ಯೋಜನೆಯನ್ನು ಸಿಂಗಳೀಕದ ಅಭಯಾರಣ್ಯದೊಳಗೆ ತರಲಾಗುತ್ತಿದೆ. ಬಯಲಿನಲ್ಲಿ ಫಲಕ ಹಾಕುವ ಕ್ರಮಕ್ಕೂ ಘಟ್ಟದಲ್ಲಿ ಸುರಂಗ ಕೊರೆಯುವ ಅಗತ್ಯಕ್ಕೂ ನೇರ ಸಂಬಂಧವಿದೆ. ಸಾವಿರಾರು ಎಕರೆಯ ಉದ್ಯಾನದಿಂದ ಹೊರಡುವ ವಿದ್ಯುತ್ತಿಗೆ ದೂರದ ಗಿರಾಕಿ ಬೇಕು, ಸಿಗದಿದ್ದರೆ ಶೇಖರಣೆ ಬೇಕು. ಹಳ್ಳಿಯ ಉಪಕೇಂದ್ರದ ಮಗ್ಗುಲಲ್ಲಿ ನಾಲ್ಕೈದು ಮೆಗಾವ್ಯಾಟ್ ಹಾಕಿ ಅದೇ ಹಗಲಿನಲ್ಲಿ ಅಲ್ಲಿಯ ಪಂಪ್‌ಸೆಟ್ಟಿಗೆ ಕೊಟ್ಟರೆ ಎರಡೂ ಬೇಡ. ಯಾಪಲದಿನ್ನಿಯ ಉದ್ದೇಶ ಅದೇ ಆಗಿತ್ತು. 2025ರ ಜೂನ್‌ನಲ್ಲಿ ಗೌರಿಬಿದನೂರು ತಾಲ್ಲೂಕಿನಲ್ಲಿ ರಾಜ್ಯ ಸರಕಾರ ಚಾಲನೆ ಕೊಟ್ಟ ಕುಸುಮ್-ಸಿ ಯೋಜನೆಯ ಹಿಂದಿರುವುದೂ ಅದೇ ಆಲೋಚನೆ. ಕೃಷ್ಣೆಗೂ ತುಂಗಭದ್ರೆಗೂ ನಡುವಿನ ಈ ತಾಲ್ಲೂಕುಗಳಲ್ಲಿ ಅದನ್ನು ಎಷ್ಟು ಬೇಗ, ಯಾರ ನೆಲದ ಮೇಲೆ ತರಲಾಗುತ್ತದೆ ಎಂಬುದನ್ನು ಶರಾವತಿ ಕಣಿವೆಯವರೂ ಗಮನಿಸಬೇಕಾಗಿದೆ.

ದೇವದುರ್ಗದಲ್ಲಿ ನಾರಾಯಣಪುರ ಬಲದಂಡೆ ಕಾಲುವೆಯ ನೀರು ತಲುಪದ ತೊಗರಿ ಹೊಲವನ್ನೋ ಮಾನ್ವಿಯ ಕೊನೆಭಾಗದ ಒಣಗದ್ದೆಯನ್ನೋ 25 ವರ್ಷಕ್ಕೆ ಗುತ್ತಿಗೆ ಕೊಡುವ ರೈತ ಸಾಮಾನ್ಯವಾಗಿ ಕೇಳುವುದು ಎಕರೆಗೆ ಎಷ್ಟು ಎಂದು. ಪಾವಗಡದಲ್ಲಿ ಅದು ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗಿ ಎರಡು ವರ್ಷಕ್ಕೊಮ್ಮೆ ಶೇ. 5ರಂತೆ ಏರುವ ಕರಾರಾಗಿತ್ತು. ಆ ಪ್ರಶ್ನೆಯ ಜೊತೆಗೆ ಇನ್ನೂ ಮೂರನ್ನು ಕೇಳಿ ಪತ್ರದಲ್ಲಿ ಬರೆಸಿಕೊಳ್ಳಬೇಕು. ಹಾಕುವ ಫಲಕ ಯಾವ ವಸ್ತುವಿನದು, ಯಾವ ಕಂಪನಿಯದು? ಒಡೆದದ್ದನ್ನು ಎಷ್ಟು ದಿನದೊಳಗೆ ಹೊಲದಿಂದ ಹೊರಗೆ ಒಯ್ಯಬೇಕು, ಒಯ್ಯದಿದ್ದರೆ ದಂಡ ಎಷ್ಟು? ಗುತ್ತಿಗೆ ಮುಗಿದಾಗ ಅಥವಾ ನಡುವೆ ಕಂಪನಿ ಕೈಬದಲಾಯಿಸಿದಾಗ ಕಂಬ, ಕಾಂಕ್ರೀಟು, ಗಾಜು ತೆಗೆಸುವ ಖರ್ಚಿಗೆ ಇಟ್ಟ ಠೇವಣಿ ಯಾರ ಹೆಸರಿನಲ್ಲಿದೆ? ಮೇಲೆ ಹೆಸರಿಸಿದ ಕಂಪನಿಗಳಲ್ಲಿ ಎಷ್ಟು 25 ವರ್ಷ ಬದುಕಿದವು ಎಂದು ಲೆಕ್ಕ ಹಾಕಿದರೆ ಮೂರನೆಯ ಪ್ರಶ್ನೆಯ ತೂಕ ತಿಳಿದೀತು. ಫಲಕ ಹಾಕುವ ಮೊದಲು ಹೊಲದ ಮಣ್ಣಿನ ಮಾದರಿಯನ್ನು ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಂಥ ಕಡೆ ಪರೀಕ್ಷಿಸಿ, ಕ್ಯಾಡ್ಮಿಯಂ ಮತ್ತು ಸೀಸದ ಪ್ರಮಾಣವನ್ನು ಬರೆಸಿ ಗುತ್ತಿಗೆ ಪತ್ರಕ್ಕೆ ಲಗತ್ತಿಸಿಕೊಳ್ಳುವುದು ಹೆಚ್ಚು ಖರ್ಚಿನ ಕೆಲಸವಲ್ಲ. 25 ವರ್ಷದ ಅನಂತರ ಅದೇ ಹೊಲದಲ್ಲಿ ಭತ್ತ ಹಾಕುವವರಿಗೆ ಹೋಲಿಸಿ ನೋಡಲು ಬೇರೆ ದಾಖಲೆ ಇರುವುದಿಲ್ಲ.